ಪ್ರೌಢಶಾಲೆಯ ನಾಟಕಕ್ಕೆ ಇಬ್ಬರು ಎದುರಾಳಿ ಮಾಟಗಾತಿಯರು: ನಮ್ಮ ನೆಲದಲ್ಲಿ ಆಧಾರವೇನಿದೆ?

ಪ್ರಶ್ನೆ: ಮಂಜೇಶ್ವರದ ಕನ್ನಡ ಅಧ್ಯಾಪಿಕೆ

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೇನೆ. ಈ ವರ್ಷದ ವಾರ್ಷಿಕೋತ್ಸವಕ್ಕೆ ಒಂಬತ್ತನೆಯ ತರಗತಿಯ ಹುಡುಗಿಯರು ತಾವೇ ಒಂದು ನಾಟಕ ಕಟ್ಟಲು ಹೊರಟಿದ್ದಾರೆ. ಒಂದೇ ಶಾಲೆಯಲ್ಲಿ ಓದುವ, ಮಂತ್ರಶಕ್ತಿಯುಳ್ಳ ಇಬ್ಬರು ಹುಡುಗಿಯರು ಪೈಪೋಟಿಗಿಳಿದು ಒಬ್ಬರ ಮೇಲೊಬ್ಬರು ವಿದ್ಯೆ ಪ್ರಯೋಗಿಸುವುದು ಅವರು ಆರಿಸಿಕೊಂಡ ವಸ್ತು. ಯಾರೂ ಹೇಳಿಕೊಡದೆ ಅವರು ಇಷ್ಟು ಆಸೆಯಿಂದ ಬರೆಯಲು ಕುಳಿತದ್ದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಗಿದೆ. ಬೇಡವೆಂದು ತಡೆಯುವ ಮನಸ್ಸಿಲ್ಲ.

ಅವರ ಮೊದಲ ಕರಡಿನಲ್ಲಿ ಮೊನಚು ಟೊಪ್ಪಿ, ಹಿಡಿಸೂಡಿಯ ಮೇಲೆ ಹಾರಾಟ, ಕೊಪ್ಪರಿಗೆಯಲ್ಲಿ ಕುದಿಯುವ ಹಸಿರು ಕಷಾಯ ಎಲ್ಲವೂ ಇವೆ. ಒಬ್ಬಳು ಕನ್ನಡ ಡಿವಿಷನ್‌ನವಳು, ಇನ್ನೊಬ್ಬಳು ಮಲಯಾಳ ಡಿವಿಷನ್‌ನವಳು. ಎರಡನೆಯ ದೃಶ್ಯದಲ್ಲಿ ಅಸೆಂಬ್ಲಿಯ ಹೊತ್ತಿಗೆ ಮೂರನೆಯ ಹುಡುಗಿಯೊಬ್ಬಳು ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಮಾಟ ಮಾಡಿದವರು ಯಾರು ಎಂಬ ಗುಸುಗುಸು ಶಾಲೆಯಿಡೀ ಹರಡುತ್ತದೆ. ಕಥೆ ಅಲ್ಲಿಗೆ ನಿಂತಿದೆ.

ಹೊರಗಿನಿಂದ ಬಂದ ಈ ವೇಷಭೂಷಣದ ಬದಲು ತುಳುನಾಡಿನ, ನಮ್ಮ ಗಡಿನಾಡಿನ ಪರಂಪರೆಯಿಂದಲೇ ಇಂಥ ಇಬ್ಬರು ಹುಡುಗಿಯರನ್ನು ಎತ್ತಿಕೊಳ್ಳಲು ಸಾಧ್ಯವೇ ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ. ಮಾಟ, ಸೋಂಕು, ದೃಷ್ಟಿ ಎಂಬ ಮಾತುಗಳನ್ನು ಇಂದಿಗೂ ಗಂಭೀರವಾಗಿಯೇ ಆಡುವ ಮನೆಗಳಿಂದ ಬರುವ ಮಕ್ಕಳು ಇವರು. ನಾಟಕ ಮುಗಿದ ಮರುದಿನ ಪಾತ್ರ ಮಾಡಿದ ಹುಡುಗಿಯ ಮೇಲೆ ಯಾವ ಕಳಂಕವೂ ಉಳಿಯದಂತೆ ಇದನ್ನು ರಂಗಕ್ಕೆ ತರುವುದು ಹೇಗೆ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಪಾಡ್ದನಪ್ರಿಯ, ಬಾಯಾರು

ಟೀಚರ್, ನಿಮ್ಮ ಮಕ್ಕಳು ಹುಡುಕುತ್ತಿರುವ ಇಬ್ಬರು ಹುಡುಗಿಯರು ತುಳುವಿನ ಮೌಖಿಕ ಕಥನಗೀತೆಯಾದ ಸಿರಿ ಪಾಡ್ದನದಲ್ಲಿಯೇ ಇದ್ದಾರೆ. ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಈ ಅಕ್ಕತಂಗಿಯರು ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆಯ ಮುಂದೆ ಎದುರುಬದುರಾಗಿ ಕುಳಿತು ಆಡುತ್ತಾ ಆಡುತ್ತಾ ಮಾತಿಗೆ ಮಾತು ಬೆಳೆಸಿ, ಸೋಲು ಗೆಲುವಿನ ಸಿಟ್ಟು ನೆತ್ತಿಗೇರಿ, ಅಬ್ಬಗ ಆ ಮಣೆಯನ್ನೇ ಎತ್ತಿ ತಂಗಿಗೆ ಹೊಡೆಯುತ್ತಾಳೆ. ದಾರಗ ಸಾಯುತ್ತಾಳೆ, ತಾನು ಮಾಡಿದ್ದು ಅರಿವಾದೊಡನೆ ಅಬ್ಬಗನೂ ಬಾವಿಗೆ ಹಾರುತ್ತಾಳೆ. ಹೆತ್ತವರು ಹರಕೆಯನ್ನು ಮರೆತ ಕಾರಣಕ್ಕೆ ಬೆರ್ಮೆರು ಎಂಬ ದೈವ ತಾನು ಕೊಟ್ಟ ಮಕ್ಕಳನ್ನು ಮರಳಿ ಪಡೆದನೆಂದು ಪಾಡ್ದನ ಹೇಳುತ್ತದೆ. ಆಮೇಲೆ ಇಬ್ಬರೂ ಸಿರಿಗಳಾಗಿ ಮಾಯೆಯ ಲೋಕಕ್ಕೆ ಸೇರುತ್ತಾರೆ, ಸಿರಿಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಬರುತ್ತಾರೆ, ಅಬ್ಬಗನೂ ದಾರಗನೂ ಮತ್ತೆ ಮುಖಾಮುಖಿಯಾಗುತ್ತಾರೆ. ಅಕ್ಕತಂಗಿಯರು ಚೆನ್ನೆಗೆ ಎದುರುಬದುರು ಕೂರಬಾರದೆಂದು ಹಿರಿಯರು ಹೇಳುವುದರ ಹಿಂದೆ ಇರುವುದು ಇದೇ ಕಥೆ.

ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜತೆಯಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಷ್ಟಾಯಿತು. ಅಷ್ಟು ದೊಡ್ಡ ಕಾವ್ಯದ ಕೊನೆಯಲ್ಲಿ ಬರುವ ಈ ಜಗಳ ಬಹಳ ಚಿಕ್ಕದು, ಎರಡು ಮಕ್ಕಳ ಆಟದ ಜಗಳ ಮಾತ್ರ. ಆದರೆ ಕೇಳಿದವರು ಮರೆಯದೇ ಉಳಿಯುವ ಭಾಗ ಅದೇ ಎಂದು ನನ್ನ ಅಭಿಪ್ರಾಯ. ಅಲ್ಲಿ ಕೇಡಿಗಳೆಂಬುವವರು ಇಲ್ಲ. ತೀರ ಹತ್ತಿರದವರಾದ್ದರಿಂದಲೇ ಒಬ್ಬಳ ಗೆಲುವನ್ನು ಇನ್ನೊಬ್ಬಳು ಸಹಿಸಲಾರಳು.

ಆದ್ದರಿಂದ ಕೊಪ್ಪರಿಗೆಯ ಜಾಗದಲ್ಲಿ ಚೆನ್ನೆಮಣೆಯನ್ನು ಇಡಿ. ಎರಡು ಸಾಲುಗಳಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು. ಒಂದೊಂದು ಕಾಯಿ ಬಿದ್ದಾಗಲೂ ಶಾಲೆಯಲ್ಲಿ ಏನಾದರೊಂದು ನಡೆಯಲಿ: ಗಂಟೆ ತಾನಾಗಿ ಬಾರಿಸಲಿ, ಕರಿಹಲಗೆಯ ಅಕ್ಷರಗಳು ಎದ್ದು ಸಾಲುಗಟ್ಟಿ ಹೊರಗೆ ನಡೆಯಲಿ, ಮೈದಾನದ ಅರ್ಧಕ್ಕೆ ಮಾತ್ರ ಮಳೆ ಸುರಿಯಲಿ. ಗುಳಿ ಖಾಲಿಯಾದವಳು ಆ ಸುತ್ತಿಗೆ ಶಕ್ತಿಯಿಲ್ಲದೆ ಕೂರಬೇಕು. ಆಟದ ನಿಯಮವೇ ಮಾಯೆಯ ನಿಯಮವಾದರೆ ಪ್ರೇಕ್ಷಕರಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ, ಏಕೆಂದರೆ ಮಳೆಗಾಲದ ಆಟಿ ತಿಂಗಳಿನಲ್ಲಿ ಚೆನ್ನೆ ಆಡಿದ ಅಜ್ಜಿಯಂದಿರು ಸಭೆಯಲ್ಲಿ ಖಂಡಿತ ಇರುತ್ತಾರೆ.

ಉತ್ತರ: ನೀಲೇಶ್ವರದಲ್ಲಿ ನೆಲೆಸಿದ ಕನ್ನಡಿಗ

ತೆಂಕಣ ಭಾಗದ ಒಂದು ಆಧಾರವನ್ನೂ ಗಮನಿಸಬಹುದು. ಚಂದ್ರಗಿರಿ ಹೊಳೆಯಿಂದ ಈಚೆಗೆ ತೆಯ್ಯಂ ಎಂಬ ದೈವವೇಷ ಕಟ್ಟುವ ಕುಟ್ಟಿಚ್ಚಾತನ ಐತಿಹ್ಯದಲ್ಲಿ ಅವನು ಮೊದಲು ಒಬ್ಬ ವಿದ್ಯಾರ್ಥಿ. ಕಾಳಕಾಟ್ ಇಲ್ಲಂ ಎಂಬ ನಂಬೂದಿರಿ ಮನೆಯಲ್ಲಿ ಬೆಳೆದ ಆ ಹುಡುಗ ಗುರುವಿಗಿಂತ ಹೆಚ್ಚು ತಿಳಿದವನು, ಪ್ರಶ್ನೆ ಕೇಳಿದ್ದಕ್ಕೆ ಪೆಟ್ಟು ತಿಂದವನು, ತಿರುಗಿಬಿದ್ದವನು. ಕಡಿದು ಹೋಮಕುಂಡಕ್ಕೆ ಹಾಕಿದರೂ ಆ ತುಂಡುಗಳಿಂದ ಅನೇಕ ಚಾತನರು ಎದ್ದು ಬಂದರೆಂದು ಕಥೆ. ಪಾಠಶಾಲೆ, ಮಂತ್ರಶಕ್ತಿ, ಹದಿಹರೆಯದ ಹಠ ಈ ಮೂರೂ ಒಟ್ಟಿಗೆ ಬರುವ ಕಥೆ ನಮ್ಮ ಜಿಲ್ಲೆಯಲ್ಲಿಯೇ ಇರುವಾಗ ಮಕ್ಕಳಿಗೆ ಅದನ್ನೊಮ್ಮೆ ಹೇಳುವುದು ಒಳ್ಳೆಯದು. ರಂಗಕ್ಕೆ ನೇರವಾಗಿ ತರುವುದು ಬೇಡ; ಅದು ಆರಾಧನೆಗೆ ಸೇರಿದ್ದು.

ಉತ್ತರ: ಇತಿಹಾಸದ ಅಧ್ಯಾಪಕ, ಬದಿಯಡ್ಕ

ನಾನು ಟೀಚರರ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮಾಟಗಾತಿ ಹುಡುಗಿಯರ ಕಥೆ ಹೇಳುವವರೆಲ್ಲರೂ 1692ರ ಸೇಲಂ ಪ್ರಕರಣವನ್ನು ತಿಳಿದಿರಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ಆಗ ಇಂಗ್ಲೆಂಡಿನ ವಸಾಹತು. ಅಲ್ಲಿನ ಸೇಲಂ ಹಳ್ಳಿಯ ಪಾದ್ರಿಯ ಮನೆಯಲ್ಲಿ ಒಂಬತ್ತು ವರ್ಷದ ಬೆಟ್ಟಿ ಪ್ಯಾರಿಸ್ ಮತ್ತು ಹನ್ನೊಂದು ವರ್ಷದ ಅಬಿಗೈಲ್ ವಿಲಿಯಮ್ಸ್ ವಿಚಿತ್ರವಾಗಿ ಕಿರುಚಿ ಮೈ ಸೆಟೆದುಕೊಳ್ಳತೊಡಗಿದರು. ಹನ್ನೆರಡು ವರ್ಷದ ಆ್ಯನ್ ಪುಟ್ನಮ್, ಹದಿನೇಳರ ಆಸುಪಾಸಿನ ಇನ್ನೂ ಕೆಲವು ಹುಡುಗಿಯರು ಸೇರಿಕೊಂಡರು. ಮಾಟ ಮಾಡಿದವರು ಯಾರೆಂದು ದೊಡ್ಡವರು ಮತ್ತೆ ಮತ್ತೆ ಕೇಳಿದಾಗ ಅವರ ಬಾಯಿಂದ ಹೆಸರುಗಳು ಹೊರಟವು. ಮೊದಲ ಹೆಸರುಗಳಲ್ಲಿ ಒಂದು ಆ ಮನೆಯ ಗುಲಾಮ ಹೆಂಗಸು ಟಿಟೂಬಾಳದು. ಕೊನೆಗೆ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು, ಒಬ್ಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು, ಇನ್ನೂ ಕೆಲವರು ಸೆರೆಮನೆಯಲ್ಲಿ ಸತ್ತರು. ಆರೋಪಿಯ ಛಾಯಾರೂಪ ಬಂದು ತನ್ನನ್ನು ಚುಚ್ಚಿತು ಎಂಬ ಹೇಳಿಕೆಯನ್ನು ಕೂಡ ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪಿಕೊಂಡಿತ್ತು. 1706ರಲ್ಲಿ ಆ್ಯನ್ ಪುಟ್ನಮ್ ಚರ್ಚಿನಲ್ಲಿ ಸಭೆಯ ಮುಂದೆ ನಿಂತು, ನಿರಪರಾಧಿಗಳ ಮೇಲೆ ಆರೋಪ ಹೊರಿಸಿದ್ದಕ್ಕೆ ಕ್ಷಮೆ ಬೇಡಿದಳು.

ಇಲ್ಲಿ ಗಮನಿಸಬೇಕಾದುದೇನೆಂದರೆ ಸೇಲಂನಲ್ಲಿ ಮಂತ್ರಶಕ್ತಿ ಯಾರಲ್ಲಿಯೂ ಇರಲಿಲ್ಲ. ಇದ್ದದ್ದು ಗುಸುಗುಸು, ಮತ್ತು ಅದನ್ನು ನಂಬಲು ಸಿದ್ಧರಾಗಿದ್ದ ದೊಡ್ಡವರು. ನಿಮ್ಮ ಮಕ್ಕಳ ಎರಡನೆಯ ದೃಶ್ಯ ನಿಂತಿರುವುದು ಸರಿಯಾಗಿ ಅದೇ ಜಾಗದಲ್ಲಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಚೀಲದಲ್ಲಿ ಕುಂಕುಮ ಹಚ್ಚಿದ ಲಿಂಬೆಹಣ್ಣು ಸಿಕ್ಕಿತೆಂಬ ಸುದ್ದಿ ಹಬ್ಬಿತ್ತು. ಯಾವುದೋ ಪೂಜೆಯ ಪ್ರಸಾದವನ್ನು ಅವಳ ತಾಯಿ ಇಟ್ಟು ಕಳುಹಿಸಿದ್ದರು, ಅಷ್ಟೆ. ಆದರೂ ಆ ವರ್ಷವಿಡೀ ಯಾರೂ ಅವಳ ಬೆಂಚಿನಲ್ಲಿ ಕೂರಲಿಲ್ಲ, ಅವಳ ಬುತ್ತಿಯಿಂದ ಒಂದು ತುತ್ತು ತೆಗೆದುಕೊಳ್ಳಲಿಲ್ಲ.

ಹೀಗಾಗಿ ನನ್ನ ಸಲಹೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು: ಮಾಯೆಯನ್ನು ಕಡಿಮೆ ಮಾಡಬೇಡಿ, ಹೆಚ್ಚು ಮಾಡಿ. ಲಿಂಬೆಹಣ್ಣು, ಕೂದಲು, ತಾಯಿತ, ಹೊಸ್ತಿಲ ಬಳಿ ಹೂತಿಟ್ಟ ಬೊಂಬೆ, ಇಂಥ ಯಾವುದೂ ರಂಗದ ಮೇಲೆ ಬರಬಾರದು, ಏಕೆಂದರೆ ಅವು ಊರಿನ ನಿಜವಾದ ಸಂಶಯಗಳ ಸಾಮಗ್ರಿ. ಬಾಯಾರಿನವರು ಸೂಚಿಸಿದಂತೆ ಅಕ್ಷರಗಳು ಎದ್ದು ನಡೆದರೆ, ಬೆಂಚು ಗಾಳಿಯಲ್ಲಿ ತೇಲಿದರೆ, ಮರುದಿನ ಯಾರೂ ಪಾತ್ರ ಮಾಡಿದ ಹುಡುಗಿಯನ್ನು ಅನುಮಾನದಿಂದ ನೋಡಲಾರರು. ಗುಟ್ಟಾಗಿ ನಡೆಯುವ ಮಾಟ ಅಪಾಯಕಾರಿ. ಎಲ್ಲರೆದುರು ನಡೆಯುವ ಅದ್ಭುತ ಕೇವಲ ನಾಟಕ.

ಉತ್ತರ: ತೆಂಕುತಿಟ್ಟಿನ ಅಭಿಮಾನಿ, ಕುಂಬಳೆ

ವೇಷದ ಕುರಿತು ಒಂದು ಮಾತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಾವು ಮೊನಚು ಟೊಪ್ಪಿಯನ್ನು ಹುಡುಕಿ ಹೋಗಬೇಕಾಗಿಲ್ಲ, ನಮ್ಮಲ್ಲಿ ರಾಕ್ಷಸಿಯರ ವೇಷವಾದ ಹೆಣ್ಣುಬಣ್ಣವಿದೆ. ಶೂರ್ಪನಖಿಯ ಬಣ್ಣದ ವೇಷ ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಎದ್ದಾಗ, ಸಭೆಯ ಹಿಂಬದಿಯಿಂದ ಅಬ್ಬರಿಸುತ್ತಾ ಬರುವುದನ್ನು ನೋಡಿದ ಮಕ್ಕಳಿಗೆ ಬೇರೆ ಮಾಟಗಾತಿ ಬೇಕೆನಿಸದು. ರಾಮನನ್ನು ಮರುಳುಗೊಳಿಸಲು ಅವಳು ಮಾಯಾ ಶೂರ್ಪನಖಿಯಾಗುವಾಗ ಬಣ್ಣದ ವೇಷಧಾರಿ ಮರೆಯಾಗಿ ಸ್ತ್ರೀವೇಷಧಾರಿ ಬರುತ್ತಾರೆ. ಒಂದು ಪಾತ್ರಕ್ಕೆ ಎರಡು ಮೈ ಎಂಬ ಈ ಕ್ರಮವನ್ನು ನಿಮ್ಮ ಮಕ್ಕಳು ಧಾರಾಳವಾಗಿ ಬಳಸಬಹುದು: ತೆರೆ ಹಿಡಿದಾಗ ಸಮವಸ್ತ್ರದ ಹುಡುಗಿ ಒಳಗೆ ಹೋಗಿ, ಬಣ್ಣದ ವೇಷ ಹೊರಗೆ ಬರಲಿ. ರಾಜ್ಯ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆ ಇರುವುದರಿಂದ ಚೆಂಡೆ ಮದ್ದಳೆ ಬಲ್ಲ ಮಕ್ಕಳೂ ಬಣ್ಣಗಾರಿಕೆ ಬಲ್ಲ ಗುರುಗಳೂ ಹತ್ತಿರದಲ್ಲಿಯೇ ಸಿಗುತ್ತಾರೆ. ರಾಳವನ್ನು ಮಾತ್ರ ಶಾಲೆಯ ಸಭಾಂಗಣದೊಳಗೆ ಖಂಡಿತ ಹಾರಿಸಬೇಡಿ.

ಉತ್ತರ: ಎಣ್ಮಕಜೆಯ ಕೃಷಿಕ

ಪ್ರಜ್ಞೆ ತಪ್ಪಿ ಬೀಳುವ ಆ ಮೂರನೆಯ ಹುಡುಗಿಯ ಬಗ್ಗೆ ಇಲ್ಲಿ ಯಾರೂ ಮಾತನಾಡಿಲ್ಲ. ನನಗೆ ಇಡೀ ನಾಟಕದಲ್ಲಿ ಅವಳೇ ಮುಖ್ಯಳೆಂದು ತೋರುತ್ತದೆ.

ನಮ್ಮ ಪಡ್ರೆ ಗ್ರಾಮದ ಸ್ವರ್ಗ ಎಂಬ ಊರಿನಲ್ಲಿ ಮಕ್ಕಳು ಅಂಗವೈಕಲ್ಯದಿಂದ ಹುಟ್ಟತೊಡಗಿದಾಗ, ಮನೆಮನೆಯಲ್ಲಿ ಹೆಸರು ತಿಳಿಯದ ರೋಗಗಳು ಕಾಣಿಸಿಕೊಂಡಾಗ, ಜಟಾಧಾರಿ ದೈವದ ಕೋಪವೆಂದು ಬಹಳ ಜನ ನಂಬಿದ್ದರು. ಜ್ಯೋತಿಷ್ಯದ ಪ್ರಶ್ನೆ ಇಟ್ಟರು, ಪ್ರಾಯಶ್ಚಿತ್ತ ಮಾಡಿದರು. ಗುಡ್ಡದ ಮೇಲಿನ ಸರ್ಕಾರಿ ಗೇರುತೋಟಗಳಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದರು, ಅದು ಕೆಳಗಿನ ತೋಡು ಬಾವಿಗಳಿಗೆ ಇಳಿಯುತ್ತಿತ್ತು. ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತರಾದ ಶ್ರೀಪಡ್ರೆ ಅವರಂಥವರು ಬೇರೆ ಕಾರಣವಿರಬಹುದೆಂದು ಕೇಳದೇ ಇದ್ದಿದ್ದರೆ ಆ ನೀರನ್ನು ನಾವು ಇನ್ನೆಷ್ಟು ಕಾಲ ಕುಡಿಯುತ್ತಿದ್ದೆವೋ ತಿಳಿಯದು. ವೈಮಾನಿಕ ಸಿಂಪಡಣೆ 2000ದ ಅಂತ್ಯಕ್ಕೆ ನಿಂತಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ನೀಡಿದ್ದು 2011ರ ಮೇ ತಿಂಗಳಿನಲ್ಲಿ.

ಇದನ್ನು ನಾಟಕದೊಳಗೆ ಭಾಷಣವಾಗಿ ತುರುಕಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆ ಹುಡುಗಿ ಬಿದ್ದ ಕೂಡಲೇ ಯಾರಾದರೊಬ್ಬರು ಅವಳ ಬಳಿ ಕುಳಿತು, ಬೆಳಿಗ್ಗೆ ಏನು ತಿಂದಿದ್ದೀಯಾ, ಯಾವಾಗಿನಿಂದ ತಲೆ ಸುತ್ತುತ್ತಿದೆ ಎಂದು ಕೇಳಲಿ. ಶಕ್ತಿಯಿರುವ ಆ ಇಬ್ಬರು ಹುಡುಗಿಯರೇ ಕೇಳಿದರೆ ಇನ್ನೂ ಒಳ್ಳೆಯದು. ಇದು ತಮ್ಮ ವಿದ್ಯೆಯಿಂದ ಆದದ್ದಲ್ಲವೆಂದು ನಿಶ್ಚಯವಾಗಿ ಬಲ್ಲವರು ಇಡೀ ಶಾಲೆಯಲ್ಲಿ ಅವರಿಬ್ಬರೇ.

ಉತ್ತರ: ಗಡಿನಾಡ ರಂಗಾಸಕ್ತೆ, ಮುಳ್ಳೇರಿಯ

ಟೀಚರ್, ಎರಡು ಡಿವಿಷನ್‌ಗಳ ವಿಚಾರದಲ್ಲಿ ನನ್ನ ಸ್ಪಷ್ಟ ವಿರೋಧವಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮ ಜಿಲ್ಲೆಯಲ್ಲಿ ಭಾಷೆಯ ನೋವು ಏನೆಂಬುದನ್ನು ಎಲ್ಲರೂ ಬಲ್ಲರು; ಕನ್ನಡ ಶಾಲೆಗಳಿಗಾಗಿ ಹೋರಾಡಿದವರ ಮನೆಯಲ್ಲಿ ಬೆಳೆದ ನಾನು ಆ ನೋವನ್ನು ಕಡಿಮೆಯೆಂದು ಎಂದೂ ಹೇಳಲಾರೆ. ಆದರೆ ಕನ್ನಡದ ಮಾಟಗಾತಿ, ಮಲಯಾಳದ ಮಾಟಗಾತಿ ಎಂದು ನಿಲ್ಲಿಸಿದ ಕ್ಷಣದಿಂದ ಸಭೆ ಹುಡುಗಿಯರನ್ನು ಮರೆತು ಎರಡು ಪಕ್ಷವಾಗುತ್ತದೆ. ಮಂತ್ರವಾದವೆಂದರೆ ಮಲಯಾಳ ದೇಶದ್ದು ಎಂಬ ಘಟ್ಟದ ಮೇಲಿನವರ ಹಳೆಯ ಮಾತು ಬೇರೆ ಇದೆ. ಅದಕ್ಕೆ ನಮ್ಮ ಮಕ್ಕಳ ನಾಟಕ ಬಲ ಕೊಡಬಾರದು. ಅಬ್ಬಗ ದಾರಗರ ಕಥೆಯ ಬಲವಿರುವುದು ಅವರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದರಲ್ಲಿ. ಇವರನ್ನೂ ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ ಕೂರಿಸಿ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಮಾತುಗಳೂ ಆ ತರಗತಿಯಲ್ಲಿ ಸಹಜವಾಗಿ ಕೇಳಿಬರಲಿ.

ಇನ್ನೊಂದು ವಿಷಯ: ಬಾವಿಯ ದೃಶ್ಯ ಬೇಡವೇ ಬೇಡ. ಪಾಡ್ದನದಲ್ಲಿ ಅದಕ್ಕೆ ದೈವವಾಗಿ ಏಳುವ ಮುಂದುವರಿಕೆಯಿದೆ, ಅದನ್ನು ಹೊತ್ತುಕೊಳ್ಳುವ ಆಚರಣೆಯಿದೆ. ಶಾಲೆಯ ಸಭಾಂಗಣದಲ್ಲಿ ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಉಳಿಯುವುದು ಬಾವಿ ಮಾತ್ರ.

ಪ್ರಶ್ನೆ ಕೇಳಿದವರ ಮರುನುಡಿ: ಮಂಜೇಶ್ವರದ ಕನ್ನಡ ಅಧ್ಯಾಪಿಕೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಈ ಉತ್ತರಗಳನ್ನು ಮಕ್ಕಳಿಗೆ ಓದಿ ಹೇಳಿದೆ. ಹಿಡಿಸೂಡಿ, ಕೊಪ್ಪರಿಗೆಗಳನ್ನು ಅವರು ತಾವಾಗಿಯೇ ಬಿಟ್ಟಿದ್ದಾರೆ. ಚೆನ್ನೆಮಣೆಯ ಆಟದ ನಿಯಮ ಮಾಯೆಯ ನಿಯಮವಾಗುವುದು ಅವರಿಗೆ ಬಹಳ ಹಿಡಿಸಿದೆ. ಇಬ್ಬರೂ ಒಂದೇ ಬೆಂಚಿನವರಾಗುತ್ತಾರೆ. ಎಣ್ಮಕಜೆಯವರ ಮಾತು ಕೇಳಿದ ಮೇಲೆ ಮೂರನೆಯ ಹುಡುಗಿಗೆ ಒಂದು ಹೆಸರು, ಒಂದು ಮನೆ, ಊಟ ಬಿಟ್ಟು ಬಂದದ್ದಕ್ಕೊಂದು ಕಾರಣ ಕೊಡಲು ತಂಡದ ಇಬ್ಬರು ಬರೆಯಲು ಕುಳಿತಿದ್ದಾರೆ. ಬಾವಿ ಇರುವುದಿಲ್ಲ. ಮಣೆಯನ್ನು ಎತ್ತಿದ ಕೈ ಮುಂದೇನು ಮಾಡಬೇಕೆಂಬ ವಿಚಾರದಲ್ಲಿ ಮಾತ್ರ ಅವರಲ್ಲಿಯೇ ಎರಡು ಅಭಿಪ್ರಾಯಗಳಿದ್ದು, ನಾನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತಿದ್ದೇನೆ.

ಇನ್ನು ಒಂದು ಕೋರಿಕೆ. ಹಳೆಯ, ದೊಡ್ಡ ಗುಳಿಗಳ ಚೆನ್ನೆಮಣೆ ಯಾರ ಮನೆಯಲ್ಲಾದರೂ ಇದ್ದು ಕೆಲವು ವಾರಗಳ ಮಟ್ಟಿಗೆ ಕೊಡಬಲ್ಲವರಿದ್ದರೆ, ಹಾಗೂ ಗದ್ದೆಯಲ್ಲಿ ನೇಜಿ ನೆಡುವಾಗ ಪಾಡ್ದನ ಹಾಡುತ್ತಿದ್ದ ಹಿರಿಯರಲ್ಲಿ ಯಾರಾದರೂ ಶಾಲೆಗೆ ಬಂದು ಅಬ್ಬಗ ದಾರಗರ ಭಾಗದ ಧಾಟಿಯನ್ನು ಮಕ್ಕಳಿಗೆ ಕಲಿಸಬಲ್ಲವರಿದ್ದರೆ, ದಯವಿಟ್ಟು ಇಲ್ಲಿಯೇ ತಿಳಿಸಿ. ಅವರನ್ನು ಕರೆತಂದು ಮರಳಿ ಮನೆಗೆ ಮುಟ್ಟಿಸುವ ವ್ಯವಸ್ಥೆಯನ್ನು ನಾವು ಮಾಡುತ್ತೇವೆ.