ಅತ್ತೆ, ಮಾವ, ಮಕ್ಕಳು ಎಲ್ಲರೂ ಒಟ್ಟಿಗೆ ಕೂತು ನೋಡುವಂಥದ್ದು ಏನಿದೆ? ಈಚೆಗೆ ನೀವು ನೋಡಿದ್ದು ಹೇಳಿ

ಮೂಡಿಗೆರೆಯಿಂದ ಪ್ರಶ್ನೆ:
ಮಳೆ ಹಿಡಿದುಕೊಂಡಿದೆ. ಸಂಜೆಯಾದರೆ ಎಲ್ಲರೂ ಮನೆಯೊಳಗೇ. ಅತ್ತೆಗೆ ಧಾರಾವಾಹಿ ಬೇಕು. ಮಾವನಿಗೆ ರಾಜ್‌ಕುಮಾರ್ ಕಾಲದ ಸಿನಿಮಾ ಬಿಟ್ಟರೆ ಬೇರೆ ಯಾವುದೂ ಸೇರುವುದಿಲ್ಲ. ಮಗಳು ಪಿಯುಸಿ, ಮಗ ಎಂಟನೇ ಕ್ಲಾಸು, ಇಬ್ಬರೂ ಮೊಬೈಲ್ ಹಿಡಿದು ರೂಮು ಸೇರಿಬಿಡುತ್ತಾರೆ. ವಾರಕ್ಕೊಂದು ಸಲವಾದರೂ ಎಲ್ಲರೂ ಒಟ್ಟಿಗೆ ಕೂತು ಒಂದು ಸಿನಿಮಾನೋ ವೆಬ್ ಸರಣಿನೋ ನೋಡಬೇಕು ಅಂತ ನನಗೆ ಬಹಳ ಆಸೆ. ಈಚೆಗೆ ನೀವು ನೋಡಿದ್ದರಲ್ಲಿ ಯಾವುದು ಹಿಡಿಸಿತು, ಯಾವುದು ಬೇಡ ಅಂತ ಹೇಳಿ. ದೊಡ್ಡ ವಿಮರ್ಶೆ ಬೇಡ. ನಿಮ್ಮ ಮನೆಯಲ್ಲಿ ಯಾರು ಕೂತರು, ಯಾರು ಎದ್ದು ಹೋದರು ಅಷ್ಟು ಹೇಳಿದರೆ ಸಾಕು. ನಮ್ಮಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ, ಅದೂ ಗಮನದಲ್ಲಿರಲಿ.

ಹಾಸನ:
ಅಕ್ಕ, ಮೊದಲು ‘ಸು ಫ್ರಮ್ ಸೋ’ ಹಾಕಿ. 2025ರ ಜುಲೈನಲ್ಲಿ ಬಂದಾಗ ನಾವು ಟಾಕೀಸಿನಲ್ಲಿ ನೋಡಿದ್ದೆವು. ಈಚೆಗೆ ಊರಿಂದ ಅಪ್ಪ ಅಮ್ಮ ಬಂದಾಗ ಮನೆಯಲ್ಲಿ ಇನ್ನೊಂದು ಸಲ ಹಾಕಿದೆ. ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನುವ ಹುಡುಗ ಮಾಡಬಾರದ್ದು ಮಾಡಲು ಹೋಗಿ ಸಿಕ್ಕಿಬೀಳುವ ಹೊತ್ತಿಗೆ, ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನೆ. ಆ ದೆವ್ವ ಸೋಮೇಶ್ವರದ ಸುಲೋಚನಾ ಅಂತ ಊರವರೆಲ್ಲ ನಂಬುತ್ತಾರೆ. ಜೆ.ಪಿ. ತುಮಿನಾಡ್ ಅವರೇ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ದೊಡ್ಡ ಹೀರೋ ಯಾರೂ ಇಲ್ಲ. ಆದರೂ 100 ಕೋಟಿ ದಾಟಿತು. ನೋಡಿದವರು ಇನ್ನೊಬ್ಬರಿಗೆ ಹೇಳಿ ಹೇಳಿಯೇ ಅಷ್ಟು ಓಡಿದ್ದು.

ನಮ್ಮಪ್ಪ ಟಿವಿ ನೋಡುವಾಗ ತುಟಿ ಬಿಚ್ಚುವವರೇ ಅಲ್ಲ. ರವಿಯಣ್ಣ ಬಂದ ಮೇಲೆ ಸುಮ್ಮನಿರಲಿಲ್ಲ. ಊರಲ್ಲಿ ಯಾರ ಮನೆಯಲ್ಲಿ ಏನೇ ಆದರೂ ಮೊದಲು ಬಂದು ನಿಲ್ಲುವ, ಎಲ್ಲಕ್ಕೂ ತಾನೇ ಮುಂದಾಳು ಆಗುವ, ಮದುವೆಯಾಗದೇ ಉಳಿದ ಒಬ್ಬ ದೊಡ್ಡಣ್ಣ ಇರುತ್ತಾನಲ್ಲ, ಆ ಥರದ ಪಾತ್ರ ಅದು. ಶನೀಲ್ ಗೌತಮ್ ಬಹಳ ಚೆನ್ನಾಗಿ ಮಾಡಿದ್ದಾರೆ. ‘ನಮ್ಮೂರಲ್ಲೂ ಇಂಥವನೊಬ್ಬ ಇದ್ದ’ ಅಂತ ಅಪ್ಪ ಶುರು ಮಾಡಿದರು. ಅಮ್ಮ ಅದಕ್ಕೆ ಇನ್ನೊಂದು ಸೇರಿಸಿದರು. ಮಗ ರಿಮೋಟಿನಲ್ಲಿ ನಿಲ್ಲಿಸಿ, ಅವರ ಕಥೆ ಕೇಳಿ, ಮತ್ತೆ ಹಾಕಿದ. ಎರಡು ಗಂಟೆ ಚಿಲ್ಲರೆ ಸಿನಿಮಾ ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಅದಕ್ಕೇ ಹೇಳುತ್ತೇನೆ, ಮನೆಮಂದಿ ನೋಡುವ ಸಿನಿಮಾದಲ್ಲಿ ಮಧ್ಯೆ ಮಾತಾಡಿಕೊಳ್ಳಲು ಜಾಗ ಇರಬೇಕು. ಅದಿದ್ದರೆ ವಯಸ್ಸಾದವರೂ ಏಳದೆ ಕೂರುತ್ತಾರೆ.

ಸಕಲೇಶಪುರ:
ಮೇಲಿನವರು ಹೇಳಿದ್ದು ಸರಿ. ಆದರೆ ಮಗಳು ಇದ್ದಾಳೆ ಅಂದಿದ್ದೀರಿ, ಅದಕ್ಕೆ ಒಂದು ಮಾತು. ಶುರುವಿನಲ್ಲೇ ಕುಡಿತ ಜಾಸ್ತಿ ಇದೆ. ಆ ‘ಮಾಡಬಾರದ್ದು’ ಅಂದರೆ ಹುಡುಗಿ ಸ್ನಾನ ಮಾಡುವಲ್ಲಿ ಇಣುಕಲು ಹೋಗುವುದು. ನನ್ನ ತಂಗಿ ಅದಕ್ಕೇ ಸಿಟ್ಟಾಗಿ ಎದ್ದು ಹೋದಳು. ಇದನ್ನೆಲ್ಲ ನಗಿಸಲು ಬಳಸಬಾರದು ಅಂತ ಅವಳ ವಾದ, ನಾನೂ ಒಪ್ಪುತ್ತೇನೆ. ಆಮೇಲೆ ಬಂದು ಕೂತಳು. ಕೊನೆಯಲ್ಲಿ ಸುಲೋಚನಾಳ ಮಗಳು ಭಾನು ಕಥೆ ಬರುತ್ತದೆ, ಒಂಟಿ ಹೆಣ್ಣುಮಗಳೊಬ್ಬಳ ಕಷ್ಟ. ಅಲ್ಲಿ ಇಡೀ ಸಿನಿಮಾ ಬೇರೆಯದೇ ಆಗಿಬಿಡುತ್ತದೆ. ಅವಳೂ ಕಣ್ಣೊರೆಸಿಕೊಂಡಳು. ನೋಡಿ, ಆದರೆ ಮಗನ ಹತ್ತಿರ ಆ ಮೊದಲ ದೃಶ್ಯದ ಬಗ್ಗೆ ಒಂದು ಮಾತು ಆಡಿಬಿಡಿ.

‘ಶಾಖಾಹಾರಿ’ ಬಗ್ಗೆಯೂ ಹೇಳಬೇಕು, ಯಾಕೆಂದರೆ ಹೆಸರು ಕೇಳಿ ಎಲ್ಲರೂ ಮೋಸ ಹೋಗುತ್ತಾರೆ. 2024ರಲ್ಲಿ ಬಂದದ್ದು, ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಹಳ್ಳಿ, ಅಲ್ಲೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಅಡುಗೆ ಮಾಡುವ ಸುಬ್ಬಣ್ಣನಾಗಿ ರಂಗಾಯಣ ರಘು. ಪೊಲೀಸರಿಂದ ತಪ್ಪಿಸಿಕೊಂಡ ಒಬ್ಬ ಗಾಯಾಳು ರಾತ್ರಿ ಅಲ್ಲಿಗೆ ಬಂದು ಸೇರಿಕೊಳ್ಳುತ್ತಾನೆ. ಆ ಹೋಟೆಲಿನ ಹೊಗೆ, ಒದ್ದೆ ಅಂಗಳ, ಬೆಳಗಿನ ಬೆಂಚು, ನಮ್ಮ ಕಡೆ ದಿನಾ ಕಾಣುವಂಥದ್ದೇ. ರಘು ಅವರು ನಗಿಸುವ ಪಾತ್ರ ಬಿಟ್ಟು ಇಷ್ಟು ಆಳಕ್ಕೆ ಇಳಿದದ್ದು ನೋಡಿ ನನಗೆ ಹೆಮ್ಮೆಯೇ ಆಯಿತು. ಇನ್‌ಸ್ಪೆಕ್ಟರ್ ಆಗಿ ಗೋಪಾಲಕೃಷ್ಣ ದೇಶಪಾಂಡೆ ಅವರದ್ದೂ ಅಷ್ಟೇ ತೂಕದ ಅಭಿನಯ. ಆದರೆ ಎಂಟನೇ ಕ್ಲಾಸಿನ ಹುಡುಗನಿಗೆ ಬೇಡ. ಊಟದ ಹೊತ್ತಿಗಂತೂ ಬೇಡವೇ ಬೇಡ, ಯಾಕೆ ಅಂತ ಹೇಳಿದರೆ ಕಥೆ ಬಿಟ್ಟುಕೊಟ್ಟ ಹಾಗಾಗುತ್ತದೆ. ದೊಡ್ಡವರು ಮಕ್ಕಳು ಮಲಗಿದ ಮೇಲೆ ನೋಡಿ.

ಕೊಪ್ಪ:
ಮಲೆನಾಡು ಅಂದ ಮೇಲೆ ‘ಕೆರೆಬೇಟೆ’ ಸೇರಿಸಿ. ಅದೂ 2024ರದ್ದೇ. ಕೆರೆಗೆ ಇಡೀ ಊರೇ ಇಳಿದು ಮೀನು ಹಿಡಿಯುವ ದೃಶ್ಯ ಮೈ ಜುಮ್ಮೆನ್ನಿಸುತ್ತದೆ. ಕೊನೆ ಮಾತ್ರ ಬಹಳ ಕ್ರೂರ. ಜಾತಿಯ ವಿಷಯ ಇದೆ. ನಮ್ಮ ಮನೆಯಲ್ಲಿ ನೋಡಿ ಮುಗಿಸಿ ಯಾರೂ ಮಾತಾಡಲಿಲ್ಲ.

ಅರಸೀಕೆರೆ:
ಅಕ್ಕ, ನೀವು ಮೂಡಿಗೆರೆಯವರು. ನಿಮ್ಮೂರಲ್ಲೇ ಇದ್ದು ಬರೆದವರ ಕಥೆ ಇರುವಾಗ ಬೇರೆ ಯಾಕೆ ಹುಡುಕಬೇಕು? ‘ಡೇರ್‌ಡೆವಿಲ್ ಮುಸ್ತಫಾ’ ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕಥೆ ಆಧರಿಸಿ ಶಶಾಂಕ್ ಸೋಗಾಲ್ ಮಾಡಿದ್ದು, 2023ರಲ್ಲಿ ಬಂತು. ತೇಜಸ್ವಿ ಓದುಗರೇ ಸುಮಾರು 100 ಜನ ದುಡ್ಡು ಹಾಕಿ ಮಾಡಿಸಿದ ಸಿನಿಮಾ. ನಮ್ಮ ತಾಲ್ಲೂಕಿನ ಡಾಲಿ ಧನಂಜಯ ಅದನ್ನು ಜನರ ಮುಂದೆ ತಂದರು. ಅಬಚೂರಿನ ಕಾಲೇಜಿಗೆ ಮುಸ್ತಫಾ ಅನ್ನುವ ಹುಡುಗ ಸೇರುತ್ತಾನೆ, ಆ ಕ್ಲಾಸಿಗೆ ಅವನೊಬ್ಬನೇ ಮುಸ್ಲಿಂ. ಹುಡುಗರಿಗೆ ಅವನ ಬಗ್ಗೆ ಏನೇನೋ ಭಯ, ಏನೇನೋ ಕಲ್ಪನೆ. ಅದೇ ಕ್ಲಾಸಿನ ಅಯ್ಯಂಗಾರಿ ಅನ್ನುವ ಹುಡುಗನಿಗೂ ಅವನಿಗೂ ಜಿದ್ದು. ಕೊನೆಗೆ ಕ್ರಿಕೆಟ್ ಮ್ಯಾಚು. ನಿಮ್ಮ ಮಗನಿಗೆ ಹಿಡಿಸದಿದ್ದರೆ ಕೇಳಿ. ನಮ್ಮ ಮನೆಯಲ್ಲಿ ನನ್ನ ಮಗ ನೋಡಿದ ಮೇಲೆ ಮೂಲ ಕಥೆ ಕೊಡಿ ಅಂತ ಕೇಳಿ ಓದಿದ. ಕಥೆಯಲ್ಲಿ ಇಲ್ಲದ್ದು ಸಿನಿಮಾದಲ್ಲಿ ಏನೇನು ಸೇರಿದೆ ಅಂತ ತನ್ನ ತಾತನ ಹತ್ತಿರ ಚರ್ಚೆ ಮಾಡಿದ. ಇದಕ್ಕಿಂತ ಇನ್ನೇನು ಬೇಕು?

ಮಾವನವರಿಗೆ ಹಳೆಯದೇ ಬೇಕಾದರೆ ತೇಜಸ್ವಿಯವರದೇ ‘ತಬರನ ಕಥೆ’ ಇದೆ. ಕಾಸರವಳ್ಳಿಯವರ ಸಿನಿಮಾ, 1986ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು, ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಪಿಂಚಣಿಗಾಗಿ ಅಲೆಯುವ ಮುದುಕನ ಕಥೆ. ಕಚೇರಿಗೆ ಅಲೆದವರು ಯಾರೂ ಅದನ್ನು ಮರೆಯುವುದಿಲ್ಲ.

ತರೀಕೆರೆ:
‘ಸಪ್ತ ಸಾಗರದಾಚೆ ಎಲ್ಲೋ’ ಹಾಕಬೇಡಿ ಅಂತ ನನ್ನ ಅಭಿಪ್ರಾಯ. ನನಗೆ ಬಹಳ ಇಷ್ಟವಾದ ಸಿನಿಮಾ, ರುಕ್ಮಿಣಿ ವಸಂತ್ ಅಭಿನಯ ಮನಸ್ಸಿನಿಂದ ಹೋಗುವುದೇ ಇಲ್ಲ. ಆದರೆ ಮನೆಮಂದಿಗೆ ನಿಧಾನ. ದುಡ್ಡಿನ ಆಸೆಗೆ ಹುಡುಗ ಬೇರೆಯವರ ತಪ್ಪು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನಲ್ಲ, ಅಲ್ಲಿಗೇ ನಮ್ಮಮ್ಮ ‘ಇವನಿಗೆ ಬುದ್ಧಿ ಇಲ್ಲ’ ಅಂತ ಎದ್ದು ಒಳಗೆ ಹೋದರು.

ಚಿಕ್ಕಮಗಳೂರು:
ಮೇಲಿನವರ ಮಾತಿಗೆ ನನ್ನ ಸಹಮತ ಇಲ್ಲ. ಪಿಯುಸಿ ಓದುವ ಮಗಳು ಮತ್ತು ತಾಯಿ ಇಬ್ಬರೇ ಕೂತು ನೋಡಲು ಅದಕ್ಕಿಂತ ಒಳ್ಳೆಯದು ಈಚೆಗೆ ಬಂದಿಲ್ಲ. ಎಲ್ಲರೂ ಒಟ್ಟಿಗೆ ನೋಡಬೇಕು ಅಂತ ಪ್ರತಿ ಸಲ ಹಟ ಬೇಡ. ಒಂದು ವಾರ ತಾಯಿ ಮಗಳು, ಒಂದು ವಾರ ತಾತ ಮೊಮ್ಮಗ ಅಂತಲೂ ಆಗಬಹುದು.

ವೆಬ್ ಸರಣಿ ಕೇಳಿದ್ದಿರಿ. 2025ರಲ್ಲಿ ಜೀ5ನಲ್ಲಿ ಬಂದ ‘ಅಯ್ಯನ ಮನೆ’ ನಮ್ಮ ಚಿಕ್ಕಮಗಳೂರಿನ ಕಡೆಯ ಒಂದು ದೊಡ್ಡ ಮನೆಯ ಕಥೆ. ಜಾಜಿ ಅನ್ನುವ ಹುಡುಗಿ ಸೊಸೆಯಾಗಿ ಬರುತ್ತಾಳೆ. ಮನೆದೇವರು ಕೊಂಡಯ್ಯ, ಮನೆಯಲ್ಲಿ ಸಾವುಗಳು, ಯಾರೂ ಬಾಯಿ ಬಿಡುವುದಿಲ್ಲ. ಖುಷಿ ರವಿ, ಮಾನಸಿ ಸುಧೀರ್ ಇದ್ದಾರೆ, ರಮೇಶ್ ಇಂದಿರಾ ನಿರ್ದೇಶನ. ಕಂತುಗಳು ಚಿಕ್ಕವು, ಹಾಗಾಗಿ ನಿಮ್ಮ ನೆಟ್‌ವರ್ಕಿಗೂ ಸರಿ. ಧಾರಾವಾಹಿ ನೋಡಿ ಅಭ್ಯಾಸ ಇರುವ ನಿಮ್ಮ ಅತ್ತೆಗೆ ಇದು ಸಲೀಸಾಗಿ ಒಗ್ಗುತ್ತದೆ, ಅತ್ತೆ ಸೊಸೆ ಮನೆ ಎಲ್ಲ ಇದೆ, ಆದರೆ ಕಥೆ ಓಡುತ್ತದೆ. ನನಗೆ ಮುಕ್ತಾಯ ಸ್ವಲ್ಪ ಅವಸರ ಅನ್ನಿಸಿತು. ಮಂಜು, ಹಳೇ ಮನೆ, ಕತ್ತಲು ಇವುಗಳನ್ನು ಹೆದರಿಸಲು ಬಳಸಿದ್ದು ಮಾತ್ರ ಚೆನ್ನಾಗಿದೆ. ಅಂಥದ್ದೇ ಮನೆಯಲ್ಲಿ ಇರುವವರು ರಾತ್ರಿ ನೋಡಿದರೆ ಇನ್ನೂ ಜಾಸ್ತಿ ಪರಿಣಾಮ.

ಚನ್ನರಾಯಪಟ್ಟಣ:
ಎಲ್ಲರೂ ಹೊಸದು ಹೇಳುತ್ತಿದ್ದೀರಿ. ನಮ್ಮ ಮನೆಯಲ್ಲಿ ಈಚೆಗೆ ಎಲ್ಲರನ್ನೂ ಒಂದೇ ಕಡೆ ಕೂರಿಸಿದ್ದು ಹಳೆಯ ‘ಗೃಹಭಂಗ’ ಧಾರಾವಾಹಿ. ಎಸ್.ಎಲ್. ಭೈರಪ್ಪನವರ ಕಾದಂಬರಿ ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ್ದು, ಈಟಿವಿಯಲ್ಲಿ ಬರುತ್ತಿತ್ತು. ನಂಜಮ್ಮನಾಗಿ ಮಾಳವಿಕಾ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ನಮ್ಮ ತಾಲ್ಲೂಕಿನಲ್ಲಿ ಎಲ್ಲಿ ನೋಡಿದರೂ ಅದೇ ಮಾತು. ಅವರ ಸಂತೇಶಿವರ ಇಲ್ಲೇ ಅಲ್ವಾ. ಆಗ ಮತ್ತೆ ನೋಡಲು ಶುರು ಮಾಡಿದೆವು.

ನಮ್ಮಮ್ಮನಿಗೆ ಅದು ಕಥೆ ಅಂತ ಅನ್ನಿಸಲೇ ಇಲ್ಲ. ಶಾನುಭೋಗಿಕೆಯ ಲೆಕ್ಕವನ್ನು ಗಂಡ ಮಾಡದಿದ್ದಾಗ ನಂಜಮ್ಮ ತಾನೇ ಕೂತು ಬರೆಯುವುದು, ಅತ್ತೆ ಗಂಗಮ್ಮನ ಬಾಯಿ, ಪ್ಲೇಗು ಬಂದಾಗ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುವುದು. ಇಲಿ ಬಿದ್ದರೆ ಮನೆ ಬಿಡುತ್ತಿದ್ದರು ಅಂತ ಅವರ ಅಜ್ಜಿ ಹೇಳುತ್ತಿದ್ದ ಕಥೆಯನ್ನು ಅಮ್ಮ ಮೊದಲ ಸಲ ನಮಗೆ ಹೇಳಿದರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಭೈರಪ್ಪನವರು ಸ್ವತಃ ಚಿಕ್ಕಂದಿನಲ್ಲಿ ತಾಯಿಯನ್ನು ಪ್ಲೇಗಿನಲ್ಲಿ ಕಳೆದುಕೊಂಡವರು ಅಂತ ಗೊತ್ತಾದ ಮೇಲೆ ನನ್ನ ಮಗಳು ಮೊಬೈಲ್ ಪಕ್ಕಕ್ಕಿಟ್ಟು ಕೂತಳು. ಅವಳಿಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಚೆನ್ನಿಗರಾಯನ ಮೇಲೆ. ಹೆಂಡತಿ ಮಕ್ಕಳು ಉಪವಾಸ ಇದ್ದರೂ ತನ್ನ ಹೊಟ್ಟೆ ತುಂಬಿದರೆ ಸಾಕು ಅನ್ನುವ ಗಂಡಸು. ಅಮ್ಮ ಅಂದರು, ‘ಇಂಥವರು ಒಬ್ಬಿಬ್ಬರಲ್ಲ, ಬಹಳ ಜನ ಇದ್ದರು’. ಆವತ್ತು ಅಜ್ಜಿ ಮೊಮ್ಮಗಳು ಎಷ್ಟು ಹೊತ್ತು ಮಾತಾಡಿದರೋ. ದುಃಖದ ಕಥೆ ಎಲ್ಲರೂ ಕೂತು ನೋಡಲು ಬೇಡ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಬೇಲೂರು:
ನಿಮ್ಮ ಮನೆಯಲ್ಲಿ ಹಿಂದಿ ಅರ್ಥವಾಗುವುದಾದರೆ ‘ಪಂಚಾಯತ್’ ಮೊದಲ ಸೀಸನ್. 2020ರ ಏಪ್ರಿಲ್‌ನಲ್ಲಿ ಪ್ರೈಮ್‌ನಲ್ಲಿ ಬಂದದ್ದು. ಸಿಟಿ ಹುಡುಗ ಉತ್ತರ ಪ್ರದೇಶದ ಫುಲೇರಾ ಅನ್ನುವ ಹಳ್ಳಿಗೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರುತ್ತಾನೆ. ನಾನು ಪಂಚಾಯಿತಿ ಕೆಲಸದಲ್ಲೇ ಇರುವವನು. ಹೆಂಡತಿ ಪಂಚಾಯಿತಿ ಅಧ್ಯಕ್ಷೆ, ಕೆಲಸವೆಲ್ಲ ಗಂಡನದ್ದು, ಇದು ನಮ್ಮಲ್ಲಿ ಇಲ್ಲವಾ? ಅಪ್ಪನಿಗೆ ಹಿಂದಿ ಬರುವುದಿಲ್ಲ, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಎರಡನೇ ಸೀಸನ್ನಿನ ಕೊನೆಯಲ್ಲಿ ಪಂಚಾಯಿತಿ ಉಪಾಧ್ಯಕ್ಷ ಪ್ರಹ್ಲಾದನ ಮನೆಗೆ ಬರುವ ಸುದ್ದಿ ಮಾತ್ರ ಹೇಳಲಿಕ್ಕೆ ನನಗೇ ಆಗಲಿಲ್ಲ. ಆಮೇಲಿನ ಸೀಸನ್ನುಗಳಲ್ಲಿ ರಾಜಕೀಯ, ಜಗಳ ಜಾಸ್ತಿ, ಬೈಗುಳವೂ ಇದೆ. ಎರಡಕ್ಕೆ ನಿಲ್ಲಿಸಿದರೂ ನಷ್ಟ ಇಲ್ಲ.

ಕಡೂರು:
ನಿಮ್ಮ ಅತ್ತೆಯವರ ಧಾರಾವಾಹಿ ಹೊತ್ತಿಗೆ ಕೈ ಹಾಕಬೇಡಿ, ಅದು ಮುಖ್ಯ. ಬದಲು ನೀವೇ ಹೋಗಿ ಅವರ ಜೊತೆ ಕೂರಿ. ನಾನು ಹಾಗೇ ‘ಅಮೃತಧಾರೆ’ ನೋಡಲು ಶುರು ಮಾಡಿದ್ದು. ವಯಸ್ಸು ಮೀರಿದ ಇಬ್ಬರ ಮದುವೆಯ ಕಥೆಯನ್ನು ರಾಜೇಶ್ ನಟರಂಗ, ಛಾಯಾ ಸಿಂಗ್ ಬಹಳ ಘನತೆಯಿಂದ ಮಾಡಿದರು. ಬರಬರುತ್ತಾ ಎಳೆದರು, ಅದು ಬೇಸರ. ‘ಪುಟ್ಟಕ್ಕನ ಮಕ್ಕಳು’ ಕೂಡ ಉಮಾಶ್ರೀ ಅವರಿಗಾಗಿ ನೋಡುತ್ತಿದ್ದೆ. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ನಾನು ಅತ್ತೆಯ ಧಾರಾವಾಹಿಗೆ ಕೂತ ಮೇಲೆ, ಅತ್ತೆ ನನ್ನ ಸಿನಿಮಾಕ್ಕೆ ಕರೆಯದೇ ಬಂದು ಕೂತರು.

ಟಾಕೀಸಿಗೆ ಕರೆದುಕೊಂಡು ಹೋಗುವುದಾದರೆ ಯೋಚಿಸಿ ಹೋಗಿ. ‘ಕಾಂತಾರ ಚಾಪ್ಟರ್ 1’ಕ್ಕೆ ಎಲ್ಲರೂ ಹೋಗಿದ್ದೆವು. ಸಿನಿಮಾ ಕಣ್ಣಿಗೆ ಹಬ್ಬ, ಆದರೆ ಶಬ್ದ ಅತ್ತೆಗೆ ತಡೆಯಲಾಗಲಿಲ್ಲ, ಕಿವಿ ಮುಚ್ಚಿಕೊಂಡೇ ಕೂತಿದ್ದರು. ‘ಮಹಾವತಾರ ನರಸಿಂಹ’ ನನ್ನ ಮಗನ ಬಲವಂತಕ್ಕೆ ನೋಡಿದೆವು, ಪ್ರಹ್ಲಾದನ ಕಥೆ ಗೊತ್ತಿದ್ದರಿಂದ ಅತ್ತೆಯೇ ಮುಂದೆ ಏನಾಗುತ್ತದೆ ಅಂತ ಅವನಿಗೆ ಹೇಳುತ್ತಿದ್ದರು.

ಆಲೂರು:
ನೆಟ್‌ವರ್ಕ್ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ಪೇಟೆಗೆ ಹೋದಾಗ ಯಾರದಾದರೂ ಮನೆಯ ವೈಫೈನಲ್ಲಿ ಮೊಬೈಲಿಗೆ ಡೌನ್‌ಲೋಡ್ ಮಾಡಿಕೊಳ್ಳಿ, ಆ್ಯಪಿನೊಳಗೇ ಆ ಗುಂಡಿ ಇರುತ್ತದೆ. ಮನೆಯಲ್ಲಿ ಕೇಬಲ್ ಹಾಕಿ ಟಿವಿಗೆ ಕೊಡುವುದಾದರೆ ಮೊದಲೇ ಒಂದು ಸಲ ನೋಡಿಕೊಳ್ಳಿ, ಕೆಲವು ಮೊಬೈಲಿನಲ್ಲಿ ಅದು ಆಗುವುದಿಲ್ಲ, ಎಲ್ಲರನ್ನೂ ಕೂರಿಸಿಕೊಂಡು ಹುಡುಕಾಡಬಾರದು. ಚಿತ್ರದ ಗುಣಮಟ್ಟ ಒಂದು ಹಂತ ಕಡಿಮೆ ಇಟ್ಟರೆ ಬೇಗ ಇಳಿಯುತ್ತದೆ. ಇನ್ನೊಂದು, ಹಾಕುವ ಮೊದಲು ವಯಸ್ಸಿನ ಗುರುತು ನೋಡಿ. 2024ರ ನವೆಂಬರಿನಿಂದ ಸೆನ್ಸಾರ್‌ನವರು ಯು/ಎ ಅನ್ನುವುದನ್ನೇ 7+, 13+, 16+ ಅಂತ ಮೂರು ಮಾಡಿದ್ದಾರೆ. ವೆಬ್ ಸರಣಿಗೂ ಅಂಥದ್ದೇ ಗುರುತು ಇರುತ್ತದೆ. ನಿಮ್ಮ ಮಗನ ಮಟ್ಟಿಗೆ 16+ ಅಂತ ಕಂಡರೆ ನೀವು ಮೊದಲು ಒಬ್ಬರೇ ನೋಡಿ.

ಮೂಡಿಗೆರೆ:
ಎಲ್ಲರಿಗೂ ಧನ್ಯವಾದ. ಮುಸ್ತಫಾ ಡೌನ್‌ಲೋಡ್ ಮಾಡಿಕೊಂಡಿದ್ದೇನೆ, ಈ ಭಾನುವಾರಕ್ಕೆ ಅದೇ. ಕಡೂರಿನವರ ಮಾತು ಕೇಳಿ ನಿನ್ನೆ ಅತ್ತೆಯ ಪಕ್ಕ ಹೋಗಿ ಕೂತೆ. ಯಾರು ಯಾರ ಮಗಳು ಅಂತ ಪೂರ್ತಿ ವಿವರಿಸಿದರು. ಚನ್ನರಾಯಪಟ್ಟಣದವರಿಗೆ ಒಂದು ಪ್ರಶ್ನೆ. ‘ಗೃಹಭಂಗ’ ನಾನು ಓದಿಲ್ಲ, ಮಾವ ಓದಿದ್ದಾರೆ. ಓದದೇ ನೋಡಿದರೆ ಅರ್ಥವಾಗುತ್ತದಾ?

ಚನ್ನರಾಯಪಟ್ಟಣ:
ಖಂಡಿತ ಆಗುತ್ತದೆ ಮೇಡಂ. ಮೊದಮೊದಲು ಜನ ಜಾಸ್ತಿ ಅನ್ನಿಸಬಹುದು. ನಂಜಮ್ಮ, ಗಂಡ ಚೆನ್ನಿಗರಾಯ, ಮೈದುನ ಅಪ್ಪಣ್ಣಯ್ಯ, ಅತ್ತೆ ಗಂಗಮ್ಮ, ಈ ನಾಲ್ಕು ಜನ ಗೊತ್ತಾದರೆ ಉಳಿದದ್ದು ತಾನಾಗಿಯೇ ಹಿಡಿಯುತ್ತದೆ. ಮಾವ ಓದಿದ್ದಾರೆ ಅಂದರೆ ಮಧ್ಯೆ ಮಧ್ಯೆ ಹೇಳುತ್ತಾರೆ, ಪುಸ್ತಕದಲ್ಲಿ ಹೀಗಿಲ್ಲ ಅಂತಲೂ ಅನ್ನುತ್ತಾರೆ. ಹೇಳಲಿ. ರಿಮೋಟು ಮಗನ ಕೈಯಲ್ಲಿ ಕೊಡಿ, ಅವರು ಮಾತು ಶುರು ಮಾಡಿದ ತಕ್ಷಣ ನಿಲ್ಲಿಸುವಂತೆ ಹೇಳಿ.