ಪ್ರಕಟವಾದ ಸಂಶೋಧನಾ ಪೇಪರ್‌ನಲ್ಲಿ ತಪ್ಪು ಸಿಕ್ಕಿದೆ. ಜರ್ನಲ್‌ಗೆ ತಾವೇ ಹೇಳಿದವರು ಯಾರಾದರೂ ಇದ್ದೀರಾ?

ಮೊದಲ ಲೇಖಕಿ:
ನಮ್ಮ ಪೇಪರ್ ಬಂದು ಎಂಟು ತಿಂಗಳಾಯಿತು. ಮೊನ್ನೆ ಹಳೆಯ ಕೋಡ್ ತೆಗೆದು ನೋಡಿದೆ. ಎರಡು ಗುಂಪುಗಳ ಲೇಬಲ್ ಅದಲುಬದಲಾಗಿದೆ. ಬರೆದದ್ದು ನಾನೇ. ಸರಿ ಮಾಡಿದರೆ ಮೂರು ಫಲಿತಾಂಶಗಳಲ್ಲಿ ಒಂದು ನಿಲ್ಲುವುದಿಲ್ಲ. ಗೈಡ್ "ಯಾರೂ ನೋಡಿಲ್ಲ, ಸುಮ್ನಿರು" ಅನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ವಾಪಸ್ ತೆಗೆಸಿದವನು:
ನನ್ನ ಪೇಪರನ್ನು ನಾನೇ ವಾಪಸ್ ತೆಗೆಸಿದ್ದೇನೆ. ಎಲ್ಲದರ ಲೆಕ್ಕ ಇದೆ. ಸಂಪಾದಕರಿಗೆ ಬರೆದ ಮೇಲ್ 23. ಮೊದಲ ಉತ್ತರ ಬಂದದ್ದು 7 ವಾರಕ್ಕೆ. ಆರು ಸಹಲೇಖಕರ ಒಪ್ಪಿಗೆ ತನ್ನಿ ಅಂದರು. ಐದು ಜನ ಕೊಟ್ಟರು. ಆರನೆಯವರು ಕೆಲಸ ಬಿಟ್ಟಿದ್ದರು, ಅವರಿಗೆ ಹಾಕಿದ ಮೇಲ್ ಎಲ್ಲಾ ತಿರುಗಿ ಬಂತು. ಎರಡು ಪ್ಯಾರಾದ ನೋಟಿಸ್‌ಗೆ 11 ಕರಡು ಬರೆದೆ. ಒಬ್ಬರಿಗೆ "ತಪ್ಪು" ಅನ್ನೋ ಮಾತೇ ಬೇಡ. ಇನ್ನೊಬ್ಬರಿಗೆ ಯಾರ ಕೈಯಿಂದ ಆಯಿತು ಅಂತ ಬರೆಯಲೇಬೇಕು. ಒಟ್ಟು 14 ತಿಂಗಳು ಹಿಡಿಯಿತು.

ಪೇಪರ್ ಅಳಿಸಿ ಹೋಗುವುದಿಲ್ಲ, ಗೊತ್ತಲ್ವಾ? ಡಿಒಐ (ಪೇಪರಿನ ಶಾಶ್ವತ ಗುರುತಿನ ಸಂಖ್ಯೆ) ಹಾಗೇ ಇರುತ್ತದೆ, ನಮ್ಮ ಹೆಸರೂ ಇರುತ್ತದೆ. ಪ್ರತಿ ಪುಟದ ಮೇಲೆ "ರಿಟ್ರಾಕ್ಟೆಡ್", ಅಂದರೆ ವಾಪಸ್ ಪಡೆದದ್ದು, ಅಂತ ದೊಡ್ಡ ಅಕ್ಷರ ಬೀಳುತ್ತದೆ. ಮೊದಲ ಸಲ ನೋಡಿದಾಗ ಕೈ ನಡುಗಿತ್ತು. ಆ ವರ್ಷ ಎರಡು ಇಂಟರ್‌ವ್ಯೂ ಇದ್ದವು. ಎರಡರಲ್ಲೂ ಮೊದಲ ಪ್ರಶ್ನೆ ಅದೇ. ಒಂದು ಕೆಲಸ ಕೈತಪ್ಪಿತು, ಇನ್ನೊಂದು ಸಿಕ್ಕಿತು.

2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ 2020ರ ಜನವರಿಯಲ್ಲಿ ತಮ್ಮ ತಂಡದ ಪೇಪರನ್ನು "ಸೈನ್ಸ್" ಪತ್ರಿಕೆಯಿಂದ ವಾಪಸ್ ಪಡೆದರು. ತಾವು ಸರಿಯಾಗಿ ನೋಡಲಿಲ್ಲ ಅಂತ ಎಲ್ಲರೆದುರು ಕ್ಷಮೆ ಕೇಳಿದರು. ಅದನ್ನು ಓದಿದ ರಾತ್ರಿಯೇ ನಾನು ಮೊದಲ ಮೇಲ್ ಬರೆದದ್ದು.

ಹೊರಬಂದವಳು:
ನೊಬೆಲ್ ಇದ್ದವರು ಕ್ಷಮೆ ಕೇಳುವುದೂ ಇನ್ನೂ ಥೀಸಿಸ್ ಮುಗಿಯದವರು ಕೇಳುವುದೂ ಒಂದೇನಾ? ನಾನೂ ಹೇಳಿದೆ, ಆಮೇಲೆ ಅನುಭವಿಸಿದೆ. ನಮ್ಮ ಪೇಪರ್‌ನಲ್ಲಿ ಪ್ರಯೋಗದ ಫಲಿತಾಂಶ ತೋರಿಸುವ ಒಂದೇ ಬ್ಲಾಟ್ ಚಿತ್ರವನ್ನು ತಿರುಗಿಸಿ ಎರಡು ಕಡೆ ಹಾಕಿದ್ದರು. ಸಂಪಾದಕರಿಗೆ ಬರೆದೆ. ವಿಚಾರಣೆ ಸಂಸ್ಥೆಯ ಕೆಲಸ ಅಂತ ಅವರು ಅಲ್ಲಿಗೇ ಕಳಿಸಿದರು. ಪ್ರಕಟಣೆಯ ನೀತಿಗೆ ಮಾರ್ಗಸೂಚಿ ಕೊಡುವ ಸಂಸ್ಥೆ ಕೋಪ್ ಹೇಳುವ ದಾರಿಯೂ ಅದೇ. ಆದರೆ ಸಮಿತಿಯಲ್ಲಿ ಕೂತ ಮೂವರಲ್ಲಿ ಇಬ್ಬರು ನನ್ನ ಗೈಡ್‌ನ ಹಳೆಯ ಸಹಲೇಖಕರು! 19 ತಿಂಗಳು ಎಳೆದರು. ಅಷ್ಟರಲ್ಲಿ ಲ್ಯಾಬ್ ಕೀ ಕಿತ್ತುಕೊಂಡರು. ಫ್ರೀಜರ್‌ನಲ್ಲಿದ್ದ ನನ್ನ 140 ಸ್ಯಾಂಪಲ್ "ಜಾಗ ಬೇಕು" ಅಂತ ಎಸೆದರು. ಶಿಫಾರಸು ಪತ್ರ ಕೊಡಲಿಲ್ಲ. ಕೊನೆಗೆ ಬಂದದ್ದು ನಾಲ್ಕು ಸಾಲಿನ ಕರೆಕ್ಷನ್. ಚಿತ್ರ ಬದಲಿಸಲಾಗಿದೆ, ತೀರ್ಮಾನ ಬದಲಾಗಿಲ್ಲ ಅಂತ.

ನಾನು ಮಾಡಿದ್ದು ಸರಿ ಅಂತ ಇವತ್ತಿಗೂ ಅನ್ನುತ್ತೇನೆ. ಆದರೆ ಸಲೀಸಾಗಿ "ಹೇಳಿಬಿಡಿ" ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ.

ವಾಪಸ್ ತೆಗೆಸಿದವನು:
ಸಲೀಸಾಗಿ? 14 ತಿಂಗಳು ಅಂತ ಬರೆದದ್ದು ಕಣ್ಣಿಗೆ ಬೀಳಲಿಲ್ವಾ? ನಿಮ್ಮದು ಇನ್ನೊಬ್ಬರ ಮೋಸ. ಇವರದು ಸ್ವಂತ ಕೈತಪ್ಪು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹೊರಬಂದವಳು:
ಸುಮ್ನಿರು ಅಂದ ಗೈಡ್ ಇಬ್ಬರಿಗೂ ಒಂದೇ ತರಹದವರು. ತಕ್ಕಡಿ ಅಲ್ಲಿದೆ.

ನಾಲ್ಕನೇ ಹೆಸರು:
ಆ ಗೈಡ್ ಹೆಸರು ಪೇಪರ್ ಮೇಲೆ ಯಾಕಿದೆ ಅಂತ ಮೊದಲು ಕೇಳಿ. ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ ಐಸಿಎಂಜೆಇ ಲೇಖಕರಾಗಲು ನಾಲ್ಕು ಷರತ್ತು ಹಾಕಿದೆ, ನಾಲ್ಕೂ ಬೇಕು. ಕೊನೆಯದು ಹೊಣೆ. ತಪ್ಪು ಬಂದಾಗ ಎದುರು ನಿಲ್ಲದವರು ಲೇಖಕರೇ ಅಲ್ಲ. ನನ್ನ ವಿಷಯದಲ್ಲಿ ಎರಡು ವರ್ಷದ ಡೇಟಾ ಪೂರ್ತಿ ನನ್ನದು. ಕರಡು ಒಂಬತ್ತು ಸಲ ತಿದ್ದಿದೆ. ಸಲ್ಲಿಸುವ ಹಿಂದಿನ ಸಂಜೆ ನನ್ನ ಹೆಸರು ಎರಡರಿಂದ ನಾಲ್ಕಕ್ಕೆ ಇಳಿಯಿತು. ಮೂರನೆಯವರು ಆ ಫೈಲ್ ಒಮ್ಮೆಯೂ ತೆರೆದಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಆರು ವರ್ಷವಾಯಿತು, ಆ ಪೇಪರನ್ನು ಬೇರೆಯವರು ಉಲ್ಲೇಖಿಸಿ ಸೈಟೇಷನ್ ಬಂದಾಗಲೆಲ್ಲ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಮೂರು ತಿಂಗಳ ಸ್ಟೈಪೆಂಡ್:
ನಿಮಗೆಲ್ಲ ಉತ್ತರ ಕೊಡುವ ಜರ್ನಲ್ ಆದರೂ ಇತ್ತು. ಥೀಸಿಸ್ ಕೊಡಲು ಪ್ರಕಟಣೆ ಬೇಕು ಅಂತ ನಾನು ಒಂದು ಜರ್ನಲ್‌ಗೆ ಮೂರು ತಿಂಗಳ ಸ್ಟೈಪೆಂಡ್ ಕಟ್ಟಿದೆ. ನಾಲ್ಕೇ ದಿನಕ್ಕೆ ಒಪ್ಪಿಗೆ ಬಂತು. ವಿಮರ್ಶೆ ಎರಡು ಸಾಲು. ಆಗ ಅನುಮಾನ ಬಂದು ವಾಪಸ್ ಕೊಡಿ ಅಂದೆ. ಅದಕ್ಕೂ ಶುಲ್ಕ, ಕಟ್ಟಿದ್ದರ ಅರ್ಧ! ನಾನು ಕೊಡಲಿಲ್ಲ, ಅವರು ತೆಗೆಯಲಿಲ್ಲ. ಬೇರೆ ಕಡೆ ಕಳಿಸಿದರೆ ಎರಡು ಕಡೆ ಪ್ರಕಟಿಸಿದ ತಪ್ಪು ನನ್ನ ತಲೆಗೆ. ಸಂಪಾದಕ ಮಂಡಳಿಯ ಒಬ್ಬರನ್ನು ಹುಡುಕಿ ಬರೆದೆ. ತಮ್ಮ ಹೆಸರು ಅಲ್ಲಿರುವುದೇ ಅವರಿಗೆ ಗೊತ್ತಿರಲಿಲ್ಲ.

ನಾಲ್ಕನೇ ಹೆಸರು:
ದುಡ್ಡು ಕಟ್ಟುವ ಮೊದಲು ಅನುಮಾನದ ಜರ್ನಲ್‌ಗಳ ಬೀಲ್ ಪಟ್ಟಿ ನೋಡಬೇಕಿತ್ತು.

ಮೂರು ತಿಂಗಳ ಸ್ಟೈಪೆಂಡ್:
ಆ ಪಟ್ಟಿಯನ್ನು 2017ರ ಜನವರಿಯಲ್ಲೇ ತೆಗೆದುಹಾಕಿದರು. ನಾನು ಕಟ್ಟಿದ್ದು ಅದಾದ ಮೇಲೆ. ಗಾಯಕ್ಕೆ ಉಪ್ಪು ಹಾಕುವ ಮುಂಚೆ ಇಸವಿ ನೋಡಿ. ಪತ್ರಕರ್ತ ಜಾನ್ ಬೊಹಾನನ್ ಬೇಕಂತಲೇ ತಪ್ಪು ತುಂಬಿದ ಪೇಪರ್ 304 ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದ್ದರು, 2013ರಲ್ಲಿ ವರದಿ ಬಂತು. 157 ಒಪ್ಪಿಕೊಂಡಿದ್ದವು. ಅವುಗಳಲ್ಲಿ ಹೆಸರಾಂತ ಪ್ರಕಾಶಕರ ಜರ್ನಲ್‌ಗಳೂ ಇದ್ದವು. ಅವರೆಲ್ಲ ಎಡವಿದಲ್ಲಿ ಒಬ್ಬ ವಿದ್ಯಾರ್ಥಿ ಎಡವಿದ್ದು ದೊಡ್ಡ ಅಪರಾಧವಾ?

ವಾಪಸ್ ತೆಗೆಸಿದವನು:
ಅಪರಾಧ ಅಂತ ಯಾರೂ ಅನ್ನಲಿಲ್ಲ. ಆದರೆ ಒಳ್ಳೆಯ ಜರ್ನಲ್‌ಗೆ ಕಳಿಸಿ ಕಾಯುವ ತಾಳ್ಮೆ ಬೇಕಿತ್ತು.

ಹೊರಬಂದವಳು:
ಒಳ್ಳೆಯ ಜರ್ನಲ್! ದಡಾರ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ವೇಕ್‌ಫೀಲ್ಡ್ ಪೇಪರ್ "ಲ್ಯಾನ್ಸೆಟ್"ನಲ್ಲಿ ಬಂದದ್ದು 1998ರಲ್ಲಿ. 12 ಮಕ್ಕಳ ಮೇಲೆ ಬರೆದದ್ದು. ಪೂರ್ತಿ ವಾಪಸ್ ತೆಗೆದದ್ದು 2010ರಲ್ಲಿ. ಆ 12 ವರ್ಷದಲ್ಲಿ ಲಸಿಕೆಗೆ ಹೆದರಿದ ತಂದೆತಾಯಿಗಳ ಲೆಕ್ಕ ಯಾರು ಕೊಡುತ್ತಾರೆ? ತಾಳ್ಮೆಯ ಪಾಠ ಆ ಜರ್ನಲ್‌ಗೆ ಹೇಳಿ.

ಮೊದಲ ಲೇಖಕಿ:
ಜಗಳ ಬೇಡ, ದಯವಿಟ್ಟು. ನನ್ನದಕ್ಕೆ ಕರೆಕ್ಷನ್ ಸಾಕಾ, ಪೂರ್ತಿ ವಾಪಸ್ ಪಡೆಯಬೇಕಾ?

ವಾಪಸ್ ತೆಗೆಸಿದವನು:
ಮುಖ್ಯ ತೀರ್ಮಾನ ಉಳಿದರೆ ಕರೆಕ್ಷನ್. ಬಿದ್ದರೆ ವಾಪಸ್. ನಿಲ್ಲದ ಆ ಫಲಿತಾಂಶ ಪೇಪರ್‌ನ ಶೀರ್ಷಿಕೆಯಲ್ಲಿದೆಯಾ?

ಮೊದಲ ಲೇಖಕಿ:
ಇದೆ. ಶೀರ್ಷಿಕೆಯೇ ಅದರ ಮೇಲೆ ನಿಂತಿದೆ. ನಾಳೆ ಬೆಳಗ್ಗೆ ಎಲ್ಲಾ ಸಹಲೇಖಕರಿಗೆ ಒಂದೇ ಮೇಲ್ ಹಾಕುತ್ತೇನೆ, ಗೈಡ್‌ಗೂ ಸೇರಿಸಿ.

ಹೊರಬಂದವಳು:
ಹಾಕುವ ಮೊದಲು ಕೋಡ್‌ನ ಎರಡೂ ಆವೃತ್ತಿ, ಮೂಲ ಡೇಟಾ, ಹಳೆಯ ಮೇಲ್‌ಗಳು ಎಲ್ಲವನ್ನೂ ಲ್ಯಾಬ್‌ನ ಹೊರಗೆ ಒಂದು ಕಡೆ ಇಟ್ಟುಕೊಳ್ಳಿ. ಇವತ್ತು ರಾತ್ರಿಯೇ.