ಪದಚರ್ಚೆ: ಕತ್ತಿಯ ಹಿಡಿಯೊಳಗೆ ಹುದುಗುವ ಭಾಗಕ್ಕೆ ಏನೆನ್ನಬೇಕು?

ಪ್ರಶ್ನೆ

ಮಾನ್ಯರೆ, ಆಗ್ನೇಯ ಏಷ್ಯಾದ ಆಯುಧಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕಗಳನ್ನು ಸಿದ್ಧಪಡಿಸುತ್ತಿದ್ದು, ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕಳುಹಿಸಬೇಕಾಗಿದೆ. ಅಲಗಿನ ಬುಡದಿಂದ ಚಾಚಿಕೊಂಡು ಹಿಡಿಯೊಳಗೆ ಹುದುಗುವ ಕಬ್ಬಿಣದ ಭಾಗವನ್ನು ಇಂಗ್ಲಿಷಿನಲ್ಲಿ ‘ಟ್ಯಾಂಗ್’ ಎನ್ನುತ್ತಾರೆ. ಜಾವಾದ ಕೆರಿಸ್ ಎಂಬ ಕಠಾರಿ, ಬೋರ್ನಿಯೊದ ಮಂಡಾವ್ ಎಂಬ ಕತ್ತಿ, ಫಿಲಿಪ್ಪೀನ್ಸಿನ ಮಿಂಡನಾವೊದ ಕ್ರಿಸ್ ಎಂಬ ಕತ್ತಿ ಈ ಮೂರಕ್ಕೂ ಹೊಂದುವ ಒಂದೇ ಪದ ಬೇಕು. ‘ಕಾವು’ ಎಂದರೆ ಆದೀತೇ?

ಉತ್ತರ 1

ಅಮರಕೋಶದಲ್ಲಿ ಖಡ್ಗದ ಹಿಡಿಗೆ ‘ತ್ಸರು’ ಎಂಬ ಪದವೇ ಇರುವಾಗ ಈ ಹುಡುಕಾಟವೇಕೆ? ಒಳಗಿನ ಭಾಗವನ್ನು ‘ತ್ಸರುಮೂಲ’ ಎನ್ನಿ. ಜಾವಾದವರು ಕೆರಿಸಿಗೆ ‘ಚುರಿಗ’ ಎಂಬ ಹೆಸರನ್ನೂ ಬಳಸುತ್ತಾರೆ. ಅದು ಸಂಸ್ಕೃತದ ಛುರಿಕಾ, ನಮ್ಮ ಸುರಗಿ. ಆದ್ದರಿಂದ ‘ಕೆರಿಸ್’ ಎಂಬುದನ್ನು ಕೈಬಿಟ್ಟು ‘ಸುರಗಿ’ ಎಂದೇ ಬರೆಯುವುದು ಲೇಸು.

ಉತ್ತರ 2

‘ಕಾವು’ ಸಲ್ಲದು. ಗುದ್ದಲಿ, ಕೊಡಲಿಗಳಲ್ಲಿ ಕಬ್ಬಿಣಕ್ಕೆ ತೂತಿದ್ದು ಮರ ಅದರೊಳಗೆ ತೂರುತ್ತದೆ. ಆ ಮರವೇ ಕಾವು, ‘ಕೊಡಲಿ ಕಾವು ಕುಲಕ್ಕೆ ಮೂಲ’ ಎಂದು ಬೈಸಿಕೊಳ್ಳುವುದೂ ಅದೇ. ಕತ್ತಿಗಳಲ್ಲಿ ಇದು ತಿರುವುಮುರುವು: ಕಬ್ಬಿಣವೇ ಮರದೊಳಗೋ ಕೊಂಬಿನೊಳಗೋ ಇಳಿಯುತ್ತದೆ. ‘ತ್ಸರುಮೂಲ’ವೂ ನಿಲ್ಲದು, ಏಕೆಂದರೆ ಹಿಡಿಯನ್ನು ಕಳಚಿದಾಗ ಆ ಭಾಗ ಅಲಗಿನೊಂದಿಗೆ ಉಳಿಯುತ್ತದೆ.

ಕೆರಿಸಿನಲ್ಲಿ ಹೀಗೆ ಕಳಚುವುದು ವಾಡಿಕೆಯೇ ಆಗಿದೆ. ಜಾವಾದವರು ‘ಪೆಸಿ’ ಎನ್ನುವ ಈ ಭಾಗ ಅದರಲ್ಲಿ ಪೆನ್ಸಿಲಿನಂತೆ ದುಂಡಗಿದ್ದು ಸುಮಾರು 5ರಿಂದ 7 ಸೆಂಟಿಮೀಟರ್ ಉದ್ದವಿರುತ್ತದೆ. ಅಲಗಿನ ಬುಡಕ್ಕೆ ಒತ್ತಿಕೊಂಡು ಕೂರುವ ‘ಗಂಜ’ ಎಂಬ ಅಡ್ಡತುಂಡಿನ ತೂತನ್ನೂ, ಅನಂತರ ‘ಮೆಂಡಕ್’ ಎಂಬ ಲೋಹದ ಬಳೆಯನ್ನೂ ಹಾಯ್ದು ಅದು ಹಿಡಿಯನ್ನು ಸೇರುತ್ತದೆ. ಪೆಸಿಗೆ ಬಟ್ಟೆಯ ಪಟ್ಟಿಯನ್ನೋ ದಾರವನ್ನೋ ಸುತ್ತಿ, ಹಿಡಿಯನ್ನು ತುಸುತುಸುವೇ ತಿರುಗಿಸುತ್ತ ಒತ್ತಿ ಕೂರಿಸುತ್ತಾರೆ; ಮೊಳೆಯಿಲ್ಲ, ಜಾವಾದಲ್ಲಿ ಸಾಮಾನ್ಯವಾಗಿ ಅಂಟೂ ಇಲ್ಲ. ಜಾವಾ ಪಂಚಾಂಗದ ಮೊದಲ ತಿಂಗಳಾದ ಸುರೊದಲ್ಲಿ ಅಲಗನ್ನು ನಿಂಬೆರಸದಿಂದ ತೊಳೆದು, ಪಾಷಾಣ ಬೆರೆಸಿದ ದ್ರವವನ್ನು ಹಚ್ಚಿ, ‘ಪಮೊರ್’ ಎಂಬ ಲೋಹದ ಚಿತ್ತಾರ ಎದ್ದು ಕಾಣುವಂತೆ ಮಾಡುವ ಸಂಪ್ರದಾಯಕ್ಕೆ ಹೀಗೆ ಸುಲಭವಾಗಿ ಬಿಚ್ಚಿ ಬರುವ ಹಿಡಿ ಅನುಕೂಲ. ಕೆರಿಸ್ ತಿವಿಯುವ ಆಯುಧವಾದ್ದರಿಂದ ಇಷ್ಟು ಬಿಗಿ ಸಾಕು. ತಿವಿದಾಗ ಪೆಸಿ ಹಿಡಿಯೊಳಕ್ಕೇ ಒತ್ತುತ್ತದೆ.

ಮಿಂಡನಾವೊ ಮತ್ತು ಸುಲು ದ್ವೀಪಗಳ ಮೊರೊ ಜನರ ಕ್ರಿಸ್ ಬೀಸಿ ಕಡಿಯುವ ದೊಡ್ಡ ಕತ್ತಿ. ದುಂಡಗಿದ್ದರೆ ಪೆಟ್ಟು ಬಿದ್ದಾಗ ಅಲಗು ಹಿಡಿಯೊಳಗೆ ತಿರುಗಿಬಿಟ್ಟೀತು; ಆದ್ದರಿಂದ ಈ ಭಾಗವನ್ನು ಚೌಕವಾಗಿ ಬಡಿದು, ಸಾಲದೆಂಬಂತೆ ‘ಅಸಾಂಗ್-ಅಸಾಂಗ್’ ಎಂಬ ಒಂದೋ ಎರಡೋ ಲೋಹದ ಪಟ್ಟಿಗಳಿಂದ ಅಲಗಿನ ಬುಡವನ್ನು ಹಿಡಿಗೆ ಬಿಗಿಯುತ್ತಾರೆ. ಮಂಡಾವ್‌ನಲ್ಲಾದರೋ ಜಿಂಕೆಯ ಕೊಂಬಿನ ಅಥವಾ ಮರದ ಹಿಡಿಯೊಳಗೆ ರಾಳವನ್ನು ತುಂಬಿ ಅಲಗನ್ನು ಕೂರಿಸಿ, ಹಿಡಿಯ ಬಾಯಿಗೆ ಬೆತ್ತದ ಹೆಣಿಗೆ ಹಾಕಿರುತ್ತಾರೆ. ಈ ರಾಳವನ್ನು ಫಲಕದಲ್ಲಿ ದಯವಿಟ್ಟು ‘ಅರಗು’ ಎಂದು ಬರೆಯಬೇಡಿ. ಅರಗು ಹುಳುವಿನಿಂದ ಬರುವಂಥದು, ರಾಳ ಮರದಿಂದ ಒಸರುವಂಥದು. ಮಲಯ ಭಾಷೆಯಲ್ಲಿ ಅದಕ್ಕೆ ‘ದಮಾರ್’ ಎನ್ನುತ್ತಾರೆ. ದಮಾರ್ ಕೊಡುವ ಮರಗಳಲ್ಲಿ ಹೆಚ್ಚಿನವು ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬದವು.

ಜೋಡಣೆಯ ಬಗೆ ಬೇರೆಯಾದರೂ ಭಾಗ ಒಂದೇ ಆಗಿರುವುದರಿಂದ ‘ಅಲಗಿನ ಬಾಲ’ ಎಂದರೆ ಸಾಕು. ನೋಡುವವರಿಗೆ ಚಿತ್ರದ ನೆರವಿಲ್ಲದೆಯೂ ಅರ್ಥವಾಗುತ್ತದೆ. ಸುರಗಿ ಮತ್ತು ಚುರಿಗ ಒಂದೇ ಬೇರಿನವು ಎಂಬುದರಲ್ಲಿ ತಕರಾರಿಲ್ಲ, ಆದರೆ ಕೇಳಿದ್ದು ಅದಲ್ಲ.

ಉತ್ತರ 3

2005ರಲ್ಲಿ ಯುನೆಸ್ಕೊ ಮಾನವಕುಲದ ಮೇರುಕೃತಿಗಳಲ್ಲೊಂದೆಂದು ಸಾರಿದ ಆಯುಧಕ್ಕೆ ಬಾಲವೇ? ಶಾಸ್ತ್ರೀಯ ಪದವಿರುವಾಗ ಗ್ರಾಮ್ಯವನ್ನು ತುರುಕುವ ಈ ಹಟದಿಂದಲೇ ಕನ್ನಡ ಬಡವಾಗುತ್ತಿದೆ. ಪೂರ್ವ ಜಾವಾದಲ್ಲಿ ಪೆಸಿಗೆ ‘ಪಕ್ಸಿ’ ಎನ್ನುತ್ತಾರೆಂಬುದನ್ನೂ ಗಮನಿಸಿ. ಅದು ಸಂಸ್ಕೃತದ ಪಕ್ಷಿಯೇ.

ಉತ್ತರ 4

ಅದೇ ಭಾಗಕ್ಕೆ ಇಂಡೊನೇಷ್ಯಾದ ರಿಯಾವುವಿನಲ್ಲಿ ‘ಪುತಿಂಗ್’, ಮಲೇಷ್ಯಾದಲ್ಲಿ ‘ಪುಂತಿಂಗ್’ ಎನ್ನುತ್ತಾರೆ. ಅವಕ್ಕೆ ಯಾವ ಸಂಸ್ಕೃತ ಮೂಲವನ್ನು ಹೊಂದಿಸುತ್ತೀರಿ? ಧ್ವನಿ ಹೋಲಿದ ಮಾತ್ರಕ್ಕೆ ಹಕ್ಕಿಯನ್ನು ತಂದು ಹಿಡಿಯೊಳಗೆ ಕೂರಿಸಲಾಗದು. ನಾನು ಎರವಲಿನ ವಿರೋಧಿಯಲ್ಲ. ಕೆರಿಸ್, ಪೆಸಿ, ಮೆಂಡಕ್, ಪಮೊರ್ ಎಂಬ ಪದಗಳನ್ನು ಅವು ಹುಟ್ಟಿದ ಊರಿನ ರೂಪದಲ್ಲೇ ಉಳಿಸಿಕೊಳ್ಳಬೇಕೆನ್ನುವವನು. ಆ ವಸ್ತುವಿಗೆ ಸಂಬಂಧವೇ ಇಲ್ಲದ ಮೂರನೆಯ ಭಾಷೆಯಿಂದ ಸಮಾಸ ಕಟ್ಟಿ ಅದನ್ನೇ ಕನ್ನಡವೆನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ಪ್ರಶ್ನೆ ಕೇಳಿದವರಿಗೆ ಸಮಯವಿಲ್ಲದ ಕಾರಣ ಕೆರಿಸಿನ ಫಲಕಕ್ಕೆ ಈ ವಾಕ್ಯವನ್ನು ಸೂಚಿಸುತ್ತೇನೆ: ‘ಅಲಗಿನ ದುಂಡನೆಯ ಬಾಲಕ್ಕೆ (ಪೆಸಿ) ಬಟ್ಟೆ ಸುತ್ತಿ ಹಿಡಿಯನ್ನು ಒತ್ತಿ ಕೂರಿಸಲಾಗಿದೆ, ನಡುವಿನ ಲೋಹದ ಬಳೆಯೇ ಮೆಂಡಕ್.’ ಮಂಡಾವ್‌ಗೆ ‘ರಾಳದಿಂದ ಕೂರಿಸಿ ಬೆತ್ತದಿಂದ ಹೆಣೆದ ಹಿಡಿ’ ಎಂದರೆ ಸಾಕು. ಕ್ರಿಸ್‌ಗೆ ‘ಚೌಕ ಬಾಲ’ ಎಂದು ಬರೆದು ಪಟ್ಟಿಗಳ ಹೆಸರನ್ನು ತಪ್ಪದೆ ಕೊಡಿ, ಏಕೆಂದರೆ ಕೆರಿಸ್ ಮತ್ತು ಕ್ರಿಸ್ ಒಂದೇ ಎಂದುಕೊಂಡು ಬರುವವರ ಕಣ್ಣಿಗೆ ಮೊದಲು ಬೀಳುವ ವ್ಯತ್ಯಾಸಗಳಲ್ಲಿ ಅದೂ ಒಂದು.